ಸೋಮವಾರದ ಬೀಗ

ಮಂಗಳಚಿಕ್ಕಮ್ಮ ಒಂದು ದಿನವೂ ಬೇಸರ ಮಾಡಿಕೊಂಡವರಲ್ಲ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಅವರು ತೀರಿಕೊಂಡ ಮೇಲೆ ನಡೆದ ಶಿವಗಣಾರಾಧನೆಯ ದಿನ ಅಪ್ಪ ಅದನ್ನೇ ಬಂದವರೆಲ್ಲರ ಮುಂದೆ ಹೇಳಿದರು. ಒಂಬತ್ತು ವರ್ಷ ಅತ್ತೆಯ ಸೇವೆ ಮಾಡಿದಳು, ಮುಖ ಸಿಂಡರಿಸಿದ್ದನ್ನು ನಾವು ಕಾಣೆವು ಎಂದರು. ಕೂತವರು ತಲೆದೂಗಿದರು. ಕಾಣೆವು ಎಂಬುದಷ್ಟೇ ಅದರಲ್ಲಿ ನಿಜ. ಚಿಕ್ಕಮ್ಮ ದಿನಾ ಬೇಸರಪಡುತ್ತಿದ್ದರು, ಬಾಯಿಬಿಟ್ಟು ಹೇಳುತ್ತಲೂ ಇದ್ದರು.

"ಅತ್ತೆಗೆ ಒಂದ್ ಮಗ್ಗುಲು ಬಿದ್ದೋಯ್ತು, ನಂಗೆ ಎಲ್ಡೂ ಬಿದ್ದೋಗವೆ ಕಣಮ್ಮಿ" ಎನ್ನುತ್ತಿದ್ದರು. ಇದು ಬೇಸರವಲ್ಲದಿದ್ದರೆ ಮತ್ತೇನು?

ಅವರು ನನ್ನ ಚಿಕ್ಕಪ್ಪನ ಹೆಂಡತಿ. ತವರು ನರಸೀಪುರ. ಮನೆ ನಂಜನಗೂಡಿನಲ್ಲಿ, ದೇವಸ್ಥಾನದ ಹಿಂದಿನ ಬೀದಿ. ಅಲ್ಲಿಂದ ನಮ್ಮ ಮನೆಗೆ ಆಟೋದಲ್ಲಿ ಹತ್ತು ನಿಮಿಷ. ಅಜ್ಜಿಗೆ, ಅಂದರೆ ಅಪ್ಪ ಮತ್ತು ಚಿಕ್ಕಪ್ಪನ ತಾಯಿಗೆ, ಲಕ್ವ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಯಿತು. ಮಾತೂ ಹೆಚ್ಚುಕಡಿಮೆ ಹೋಯಿತು. ಚಿಕ್ಕಪ್ಪ ತಿಂಡಿ ತಿಂದು ಗೊಬ್ಬರದ ಅಂಗಡಿಗೆ ಹೋದರೆ ಬರುವುದು ದೀಪ ಹಚ್ಚಿದ ಮೇಲೆ. ಚಿಕ್ಕಮ್ಮನಿಗೆ ಮಕ್ಕಳಿರಲಿಲ್ಲ. "ಮಕ್ಳೂ ಇಲ್ಲ, ಮರಿನೂ ಇಲ್ಲ, ಅವಳ್ಗೇನು ಕೆಲ್ಸ" ಎಂದು ನೆಂಟರು ಹೇಳಿದ್ದನ್ನು ನಾನೇ ಕೇಳಿದ್ದೇನೆ. ಮಕ್ಕಳಿಲ್ಲದವರಿಗೆ ಬೆನ್ನು ನೋಯುವುದಿಲ್ಲ ಎಂದು ಯಾವ ವೈದ್ಯರು ಹೇಳಿದ್ದಾರೋ ತಿಳಿಯದು.

ಅಜ್ಜಿಯ ಎಡಗೈಗೆ ಸಿಗುವಂತೆ ಒಂದು ಸ್ಟೀಲ್ ಲೋಟ ಇರುತ್ತಿತ್ತು. ಮಂಚದ ಕಂಬಿಗೆ ಒಂದು ಸಲ ತಟ್ಟಿದರೆ ನೀರು, ಎರಡು ಸಲಕ್ಕೆ ಮಗ್ಗುಲು ಬದಲಿಸಬೇಕು, ಮೂರಕ್ಕೆ ಬೇಸಿನ್. ಹೀಗಾಗಿ ಚಿಕ್ಕಮ್ಮ ನಮ್ಮೊಡನೆ ಮಾತಾಡುವಾಗಲೂ ಅವರ ಒಂದು ಕಿವಿ ನಡುಮನೆಯ ಕಡೆಗೇ ತಿರುಗಿರುತ್ತಿತ್ತು. ಕುಳ್ಳಗೆ, ಗಟ್ಟಿಮುಟ್ಟಾಗಿ, ಸೀರೆ ಎತ್ತಿಕಟ್ಟಿಕೊಂಡೇ ಇರುತ್ತಿದ್ದರು. ನಿಂತೇ ಉಣ್ಣುತ್ತಿದ್ದರು. ಕೂತರೆ ನಿದ್ದೆ. ಅಕ್ಕಿ ಆರಿಸುತ್ತಾ ಮೊರದೊಳಗೆ ಕೈಯಿಟ್ಟುಕೊಂಡು ಗೋಡೆಗೆ ಒರಗಿ ಮಲಗಿಬಿಡುತ್ತಿದ್ದರು. ಮೊದಲ ಸಲ ನೋಡಿದಾಗ ಏನೋ ಯೋಚಿಸುತ್ತಿದ್ದಾರೆ ಅಂದುಕೊಂಡೆ. ಲೋಟದ ಸದ್ದಾಯಿತು. ಮೊದಲು ಬೆರಳುಗಳು ಒಂದು ಕಲ್ಲನ್ನು ಆರಿಸಿ ಎಸೆದವು, ಆಮೇಲೆ ಕಣ್ಣು ತೆರೆಯಿತು.

ಅಜ್ಜಿಯ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ಸಿಟ್ಟೆಲ್ಲ ಸೋಮವಾರದ ಮೇಲೆ. ಸೋಮವಾರ ದೇವಸ್ಥಾನಕ್ಕೆ ಸುತ್ತಲ ಹಳ್ಳಿಗಳ ನೆಂಟರೆಲ್ಲ ಬರುತ್ತಿದ್ದರು. "ಎಂಗೂ ದೇವ್ರಿಗೆ ಬಂದಿದ್ವಿ, ಅಂಗೇ ನೋಡ್ಕಂಡ್ ಓಗಣ ಅಂತ" ಎಂದು ಬ್ರೆಡ್ಡು, ಮೂಸಂಬಿ ಹಿಡಿದು ಒಳಗೆ ಬರುವರು. ಕಿವಿ ಚೆನ್ನಾಗಿಯೇ ಇದ್ದ ಅಜ್ಜಿಯ ಬಳಿ ಬಗ್ಗಿ "ನಾನ್ಯಾರೇಳವ್ವ" ಎಂದು ಕೂಗುವರು. ಅಜ್ಜಿ ಕಣ್ಣು ಮುಚ್ಚಿಕೊಳ್ಳುವರು. ಆಮೇಲೆ ಎಲ್ಲರಿಗೂ ಕಾಫಿ. ಹೊರಡುವಾಗ ಚಿಕ್ಕಮ್ಮನಿಗೆ "ಪುಣ್ಯ ಕಟ್ಕಂಡೆ ತಾಯಿ" ಎಂಬ ಆಶೀರ್ವಾದ.

"ಪುಣ್ಯ ನೀವೇ ಮಡಿಕಳಿ. ನಂಗೆ ಒಂದ್ಗಂಟೆ ನಿದ್ದೆ ಕೊಡಿ ಸಾಕು."

ಎಲ್ಲರೂ ನಗುತ್ತಿದ್ದರು. ಚಿಕ್ಕಮ್ಮ ತಮಾಷೆ ಮಾಡುತ್ತಿರಲಿಲ್ಲ.

ನಾನು ಪಿಯುಸಿಗೆ ಸೇರಿದ ವರ್ಷ ಒಂದು ಸೋಮವಾರ ಕಾಲೇಜಿಗೆ ಹೋಗುವ ದಾರಿಯಲ್ಲಿ ಅವರ ಮನೆಗೆ ಹೋದಾಗ ಅವರು ನನ್ನ ಕೈಗೆ ಬೀಗ ಕೊಟ್ಟರು. "ಆಚೆಯಿಂದ ಬೀಗ ಆಕ್ಬುಟ್ಟು ಕಾಲೇಜ್ಗೆ ಓಗು. ಮಧ್ಯಾಹ್ನ ಬಂದು ತೆಗಿ."

"ಒಳಗೇನಾದರೂ ಅವಘಡ ಆದರೆ?"

"ಇತ್ಲು ಬಾಗ್ಲಿಲ್ವಾ? ಎಲ್ಲದ್ಕೂ ವಾದ ಮಾಡ್ಬೇಡ, ಓಗಮ್ಮಿ. ಅತ್ತೆನೂ ಒಪ್ಪವ್ರೆ."

ತಿರುಗಿ ನೋಡಿದೆ. ಅಜ್ಜಿ ಅರ್ಧ ಬಾಯಲ್ಲಿ ನಗುತ್ತಿದ್ದರು.

ಹೀಗೆ ನಾಲ್ಕೈದು ಸೋಮವಾರ ನಡೆಯಿತು. ನೆಂಟರು ಬಂದು, ಬೀಗ ನೋಡಿ, ವಾಪಸು ಹೋದರು. ಅತ್ತೆ ಸೊಸೆ ಇಬ್ಬರೂ ಒಳಗೆ ಮಲಗಿದ್ದರು. ಒಂದು ಸೋಮವಾರ ಹೆಡತಲೆ ಊರಿನ ದೊಡ್ಡಮ್ಮ ಬಂದರು. ಅವರು ವಾಪಸು ಹೋಗುವವರಲ್ಲ. ಪರಿವಾರ ಸಮೇತ ಜಗಲಿಯ ಮೇಲೆ ಕೂತರು. "ಅತ್ತೆನ ಕೂಡಾಕ್ಬುಟ್ಟು ತವ್ರಿಗೆ ಓಗವ್ಳೆ ಕಣ್ರಪ್ಪಾ" ಎಂದು ತೀರ್ಪನ್ನೂ ಕೊಟ್ಟರು. ಒಳಗೆ ಅಜ್ಜಿ ತುಟಿಯ ಮೇಲೆ ಎಡಗೈ ಬೆರಳಿಟ್ಟು ಚಿಕ್ಕಮ್ಮನಿಗೆ ಸುಮ್ಮನಿರು ಎಂದರಂತೆ. ಆದರೆ ನಗು ತಡೆಯಲಾಗದೆ ಅಜ್ಜಿಗೇ ಕೆಮ್ಮು ಬಂತು. ದೊಡ್ಡಮ್ಮ ನೇರವಾಗಿ ಹೋಗಿ ಅಪ್ಪನನ್ನು ಕರೆತಂದರು.

ನಾನು ಬಂದು ಬೀಗ ತೆಗೆದಾಗ ಅಪ್ಪನ ಮುಖ ಕೆಂಪಾಗಿತ್ತು. ಬಾಗಿಲ ಹಿಂದೆ ಕೆನ್ನೆಯ ಮೇಲೆ ಚಾಪೆಯ ಗೆರೆ ಮೂಡಿದ್ದ ಚಿಕ್ಕಮ್ಮ ನಿಂತಿದ್ದರು.

"ಅವ್ವನ್ನ ಒಳಗಿಟ್ಟು ಬೀಗ ಹಾಕಿಸ್ತೀಯಾ?"

"ನಾನೂ ಒಳಗೇ ಇದ್ದೆ, ಬಾವ."

ಅಪ್ಪನಿಗೆ ಅದು ಉತ್ತರವೆಂದೇ ಅನ್ನಿಸಲಿಲ್ಲ. ನಾನು ಬಾಯಿ ಹಾಕಿದೆ. "ಭಾಷಣ ಕಾಲೇಜಲ್ಲಿ ಮಾಡು" ಎಂದರು. ಬೀಗವನ್ನು ಜೇಬಿಗೆ ಹಾಕಿಕೊಂಡು ಹೋದರು. ಮುಂದಿನ ಸೋಮವಾರ ಎರಡು ಸಲ ಕಾಫಿ ಡಿಕಾಕ್ಷನ್ ಹಾಕಬೇಕಾಯಿತು.

ಅದೇ ವರ್ಷ ಚಿಕ್ಕಮ್ಮನಿಗೆ ತಲೆ ಸುತ್ತಲು ಶುರುವಾಯಿತು. ಬಿ.ಪಿ. ಜಾಸ್ತಿಯಿದೆ, ಮಾತ್ರೆಗಿಂತ ವಿಶ್ರಾಂತಿ ಮುಖ್ಯ ಎಂದರು ಡಾಕ್ಟರು. ಚಿಕ್ಕಮ್ಮ ಅಪ್ಪನ ಹತ್ತಿರ ಎಂಟು ದಿನದ ಬಿಡುವು ಕೇಳಿದರು. ಆ ಎಂಟು ದಿನ ಅಜ್ಜಿ ನಮ್ಮ ಮನೆಯಲ್ಲಿರಲಿ ಎಂದಷ್ಟೇ. ನನ್ನ ಹತ್ತಿರ ಹೇಳಿದ್ದು ಬೇರೆ ತರ. "ನಮ್ಮಣ್ಣನ ಮನೆ ಮೇಲ್ಗಡೆ ಒಂದು ರೂಮದೆ. ಒಳೆ ಗಾಳಿ ಬೀಸ್ತದೆ. ಉಣ್ಣಾಕೂ ಎಬ್ಬಿಸ್ಬೇಡಿ ಅಂತ ಅತ್ತಿಗೆಗೆ ಏಳ್ಬುಟ್ಟಿವ್ನಿ."

ನರಸೀಪುರ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಅಪ್ಪ ಹೇಳಿದ್ದು ಇದು: "ಅವ್ವಂಗೆ ಜಾಗ ಬದಲಾದ್ರೆ ಆಗಲ್ಲ. ನಿನ್ನ ಕೈಗೇ ಒಗ್ಗಿಬಿಟ್ಟಿದ್ದಾರೆ. ದಸರಾ ರಜಾ ಬರ್ಲಿ, ನೋಡೋಣ." ದಸರಾ ಕಳೆಯಿತು. ಸಂಕ್ರಾಂತಿ ಎಂದರು. ಚಿಕ್ಕಪ್ಪ ಅಣ್ಣನ ಮಾತಿಗೆ ಎದುರಾಡುವವರಲ್ಲ. ಇಷ್ಟು ಒಳ್ಳೆಯತನ ಒಂದೇ ಮನೆಯಲ್ಲಿ ಸೇರಿದರೆ ಹೆಂಗಸು ಬದುಕುವುದು ಕಷ್ಟ.

ನಾನು ಅವರನ್ನು ಕೊನೆಯ ಸಲ ನೋಡಿದ್ದು ಒಂದು ಭಾನುವಾರ. ಹೊರಡುವಾಗ "ಸಂಕ್ರಾಂತಿನೂ ಓಯ್ತಲ್ಲ, ನಿಮ್ಮಪ್ಪ ಏನಂದ್ರು?" ಎಂದು ಕೇಳಿದರು. ಇನ್ನೊಮ್ಮೆ ಕೇಳುತ್ತೇನೆ ಎಂದೆ. ಕೇಳಲಿಲ್ಲ. ಪರೀಕ್ಷೆಯಿತ್ತು.

ಆ ವಾರವೇ ಹಿತ್ತಿಲ ಒಗೆಯುವ ಕಲ್ಲಿನ ಬಳಿ ಬಿದ್ದರು. ಮನೆಯಲ್ಲಿದ್ದವರು ಅಜ್ಜಿ ಒಬ್ಬರೇ. ಕೂಗಲು ಬಾಯಿಲ್ಲ. ಲೋಟ ತಟ್ಟಿದರು. ಒಂದಲ್ಲ, ಎರಡಲ್ಲ, ಮೂರಲ್ಲ, ನಿಲ್ಲಿಸದೆ ತಟ್ಟಿದರು. ಪಕ್ಕದ ಮನೆಯವರು ಬಂದು ನೋಡಿ, ಎಸ್.ಟಿ.ಡಿ. ಬೂತಿಗೆ ಓಡಿ ಅಂಗಡಿಗೆ ಫೋನ್ ಮಾಡಿದರು. ಚಿಕ್ಕಮ್ಮನನ್ನು ಮೈಸೂರಿಗೆ ಕರೆದೊಯ್ದರು. ಎರಡನೆಯ ದಿನ ತೀರಿಕೊಂಡರು. ಮೆದುಳಿನಲ್ಲಿ ರಕ್ತನಾಳ ಒಡೆದಿತ್ತಂತೆ.

ಅವರು ಬಿದ್ದ ದಿನ ಮಧ್ಯಾಹ್ನವೇ ಅಪ್ಪ ಅಜ್ಜಿಯನ್ನು ಆಟೋದಲ್ಲಿ ಮಲಗಿಸಿಕೊಂಡು ನಮ್ಮ ಮನೆಗೆ ಕರೆತಂದರು. ಜಾಗ ಬದಲಾಯಿತು, ಕೈಯೂ ಬದಲಾಯಿತು. ಅಜ್ಜಿಗೆ ಏನೂ ಆಗಲಿಲ್ಲ. ಈಗ ಲೋಟ ನಮ್ಮ ಮನೆಯ ಮಂಚಕ್ಕೆ ತಟ್ಟುತ್ತದೆ. ಏಳುವವರು ಅಮ್ಮ.

ಶಿವಗಣಾರಾಧನೆಯ ಊಟ ಮುಗಿದು ಎಲ್ಲರೂ ಹೊರಟ ಮೇಲೆ ನಾನು ಅಪ್ಪನ ಎದುರು ನಿಂತೆ. ಭಾಷಣ ಮಾಡಲಿಲ್ಲ. ಒಂದೇ ಮಾತು ಕೇಳಿದೆ.

"ಅಪ್ಪಾಜಿ, ಚಿಕ್ಕಮ್ಮ ಎಂಟು ದಿನ ಕೇಳಿದಾಗ ಅಜ್ಜೀನ ತಂದ ಆಟೋನ ಯಾಕೆ ಕರೀಲಿಲ್ಲ?"