ಮಾತು ಬಿಟ್ಟಿದ್ದ ಲಾರಿ

ಹಿರಿಯೂರಿನ ಹೆದ್ದಾರಿ ಪಕ್ಕದಲ್ಲಿ ನಾನೂ ನನ್ನ ಗಂಡನೂ ಲಾರಿ ವೈರಿಂಗ್ ಅಂಗಡಿ ಇಟ್ಟುಕೊಂಡಿದ್ದೇವೆ. ಡೈನಮೋ, ಸ್ಟಾರ್ಟರ್ ಅವರ ಪಾಲು. ಸೆನ್ಸರ್, ವೈರಿಂಗ್ ನನ್ನ ಪಾಲು. ಐಟಿಐನಲ್ಲಿ ಕಲಿತವಳು ನಾನೇ. ಆದರೂ ಬಂದವರೆಲ್ಲ ಮೊದಲು ಕೇಳುವುದು ಅವರನ್ನೇ.

ಕಳೆದ ಬೇಸಿಗೆಯ ಒಂದು ಬೆಳಿಗ್ಗೆ ಭರಮಸಾಗರದವರೊಬ್ಬರು ಲಾರಿ ತಂದು ನಿಲ್ಲಿಸಿದರು. ಅರವತ್ತರ ಆಸುಪಾಸಿನವರು, ಗಾಡಿಗೆ ಅವರೇ ಮಾಲೀಕರು, ಅವರೇ ಡ್ರೈವರು. ಪಕ್ಕದ ಮೆಕ್ಯಾನಿಕ್ ಹತ್ತಿರ, ಇಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಹೊಸ ಇಂಜೆಕ್ಟರ್ ಹಾಕಿಸಿದ್ದರು. ಅವುಗಳ ನಂಬರನ್ನು ಲ್ಯಾಪ್‌ಟಾಪಿನಿಂದ ಇಂಜಿನ್ ಕಂಪ್ಯೂಟರಿಗೆ ಏರಿಸಿ ಟ್ಯೂನ್ ಮಾಡದಿದ್ದರೆ ಗಾಡಿ ಲೋಡು ಎಳೆಯುವುದಿಲ್ಲ, ಹೊಗೆ ಕಾರುತ್ತದೆ. ಅದಕ್ಕೆಂದೇ ದಾವಣಗೆರೆಯಿಂದ ಒಬ್ಬ ಟ್ಯೂನರ್‌ನನ್ನು ನಮ್ಮ ಅಂಗಡಿಗೇ ಕರೆಸಿದ್ದರು. ಆತ ಸ್ಟೇರಿಂಗ್ ಕೆಳಗಿನ ಸ್ಕ್ಯಾನರ್ ಸಾಕೆಟ್ಟಿಗೆ ಕೇಬಲ್ ಚುಚ್ಚಿದ. ಇಂಜಿನ್ ಓಡುತ್ತಿತ್ತು, ಲ್ಯಾಪ್‌ಟಾಪ್ ಮಾತ್ರ ಅದನ್ನು ಗುರುತಿಸಲೇ ಇಲ್ಲ.

"ಇಂಜಿನ್ ಕಂಪ್ಯೂಟರ್ರೇ ಹೋಗೈತೆ. ಬೇರೆ ಹಾಕಿಸ್ರಿ," ಎಂದ ಟ್ಯೂನರ್.

"ನಾನೊಂದ್ಸಲ ನೋಡ್ತೀನಿ," ಎಂದೆ.

"ನಿಮ್ಮೆಜಮಾನ್ರು ಬರ್ಲಿ ಬಿಡಮ್ಮ," ಎಂದರು ಮಾಲೀಕರು.

ಗಂಡ ಸಾಮಾನು ತರಲು ಚಿತ್ರದುರ್ಗಕ್ಕೆ ಹೋಗಿದ್ದರು. "ಅವ್ರು ಬಂದ್ರೂ ಇದನ್ನ ನನ್ನ ಕೈಗೇ ಕೊಡ್ತಾರೆ," ಎಂದು ಮೀಟರ್ ತಗೊಂಡು ಕ್ಯಾಬಿನ್ ಹತ್ತಿದೆ.

ಮೊದಲ ಊಹೆ ತಪ್ಪಿತು. ಸಾಕೆಟ್ಟಿನ ಫ್ಯೂಸ್ ಸುಟ್ಟಿರಬೇಕು ಎಂದುಕೊಂಡು ಬದಲಾಯಿಸಿದೆ. ಏನೂ ಆಗಲಿಲ್ಲ. ಟ್ಯೂನರ್ ಮುಖ ತಿರುಗಿಸಿಕೊಂಡು ನಕ್ಕದ್ದು ಕನ್ನಡಿಯಲ್ಲಿ ಕಂಡಿತು. ಕೆಳಗಿಳಿದುಬಿಡಲೇ ಅನ್ನಿಸಿದ್ದೂ ನಿಜ.

ಇಳಿಯಲಿಲ್ಲ. ಇಂಜಿನ್ ಆರಿಸಿ, ಬ್ಯಾಟರಿ ಕಳಚಿ, ಸಾಕೆಟ್ಟಿನಲ್ಲಿ ಇಂಜಿನ್ ಕಂಪ್ಯೂಟರಿಗೆ ಸುದ್ದಿ ಒಯ್ಯುವ ಎರಡು ತಂತಿಗಳ ನಡುವೆ ಮೀಟರ್ ಇಟ್ಟೆ. ತಂತಿ ನೆಟ್ಟಗಿದ್ದರೆ ಅರವತ್ತು ಓಮ್ ತೋರಿಸಬೇಕು, ಒಂದು ಕಡೆ ಕಡಿದಿದ್ದರೆ ಅದರ ಎರಡರಷ್ಟು. ನೂರಿಪ್ಪತ್ತು ತೋರಿಸಿತು. ಇಂಜಿನ್ ಓಡುತ್ತಿತ್ತು ಅಂದಮೇಲೆ ಕಂಪ್ಯೂಟರ್ ಸತ್ತಿಲ್ಲ. ಅದರವರೆಗೆ ಹೋಗುವ ದಾರಿಯೇ ಎಲ್ಲೋ ಕಡಿದಿದೆ.

"ಓಡಿಸೋವಾಗ ಸ್ಟೇರಿಂಗ್ ಮುಂದಿನ ಮೀಟರಿನ ಮುಳ್ಳು ಯಾವಾಗಾದ್ರೂ ಧಪ್ಪಂತ ಬೀಳ್ತಿತ್ತಾ?" ಎಂದು ಕೇಳಿದೆ.

ಮಾಲೀಕರು ತಲೆ ಕೆರೆದುಕೊಂಡರು. "ಹ್ಞೂಂ, ಗುಂಡಿಗೆ ಇಳಿಸಿದ್ರೆ ಬೀಳ್ತಿತ್ತು. ಈಗ ನಾಕು ದಿನದಿಂದ ಎದ್ದೇ ಇಲ್ಲ. ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ."

ನನಗೆ ಅಷ್ಟು ಸಾಕಿತ್ತು. ಗುಂಡಿಯ ಕುಲುಕಿಗೆ ಬಿಟ್ಟು ಬಿಟ್ಟು ಹತ್ತುತ್ತಿದ್ದ ತಂತಿ ಈಗ ಪೂರ್ತಿ ಕಡಿದಿದೆ. ಸಾಕೆಟ್ಟಿಗೆ ಮೀಟರ್ ಸಿಕ್ಕಿಸಿ ಅವರ ಕೈಗೇ ಕೊಟ್ಟೆ. "ಅರವತ್ತು ಬಂದ್ರೆ ಕೂಗ್ರಿ," ಎಂದು ಲಾರಿ ಕೆಳಗೆ ತೂರಿ, ವೈರಿಂಗ್ ಕಟ್ಟನ್ನು ಗೇಣು ಗೇಣಾಗಿ ಹಿಡಿದು ಅಲುಗಾಡಿಸುತ್ತ ಹೋದೆ. ಗೇರ್‌ಬಾಕ್ಸಿನ ಬಳಿ ಏನಿಲ್ಲ. ಡೀಸೆಲ್ ಪೈಪಿನ ಬಳಿ ಕಟ್ಟನ್ನು ಬಿಗಿದಿದ್ದ ಒಂದು ಕ್ಲಾಂಪಿನ ಅಡಿಯಲ್ಲಿ ಒತ್ತಿದೆ.

"ಅರವತ್ತು! ಬಂತು! ಏ, ಹೋಯ್ತು!"

ಕ್ಲಾಂಪ್ ಬಿಚ್ಚಿದೆ. ಮೇಲಿನ ಟೇಪು ನೆಟ್ಟಗೇ ಇತ್ತು. ಬ್ಲೇಡಿನಿಂದ ಸೀಳಿದರೆ ಒಳಗಿನ ತಾಮ್ರ ಹಸಿರುಗಟ್ಟಿ ತುಂಡಾಗಿತ್ತು. ಕೆಟ್ಟ ಭಾಗ ಕತ್ತರಿಸಿ, ಹೊಸ ತಂತಿ ಬೆಸೆದು, ಎರಡೂ ತಂತಿಗಳನ್ನು ಮೊದಲಿನಂತೆ ಹೊಸೆದು, ಮೇಲೆ ಪ್ಲಾಸ್ಟಿಕ್ ಕೊಳವೆ ಹೊದಿಸಿದೆ. ಬ್ಯಾಟರಿ ಜೋಡಿಸಿದೆ. ಈ ಸಲ ಲ್ಯಾಪ್‌ಟಾಪಿನಲ್ಲಿ ಇಂಜಿನ್ನಿನ ವಿವರ ಸಾಲಾಗಿ ಇಳಿಯಿತು.

ಟ್ಯೂನರ್ ಇಂಜೆಕ್ಟರ್ ನಂಬರುಗಳನ್ನು ಏರಿಸಿ ಟ್ಯೂನ್ ಮುಗಿಸಿದ. "ಅಕ್ಕಾ, ಮೊದ್ಲು ಓಮ್ ನೋಡ್ಬೇಕಿತ್ತು ನಾನು," ಎಂದ. ತಪ್ಪು ಒಪ್ಪಿಕೊಳ್ಳುವುದು ಎಲ್ಲರಿಗೂ ಬರುವುದಿಲ್ಲ. ಅವನ ಮೇಲಿದ್ದ ಸಿಟ್ಟು ಅಲ್ಲಿಗೇ ಇಳಿಯಿತು.

ಮಧ್ಯಾಹ್ನ ತೆಂಗಿನಕಾಯಿ ಲೋಡು ಮಾಡಿಕೊಂಡು ಬಂದ ಮಾಲೀಕರು ಅಂಗಡಿ ಮುಂದೆ ಹಾರನ್ ಹೊಡೆದರು. ಅಷ್ಟರಲ್ಲಿ ವಾಪಸಾಗಿದ್ದ ಗಂಡ ಹೊರಗೆ ಹೋದರೆ, "ನೀವಲ್ಲ ಸ್ವಾಮಿ, ಅಮ್ಮಾರು ಬರ್ಲಿ," ಎಂದರಂತೆ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಚಿತ್ರದುರ್ಗದ ಕಡೆಯ ಏರು ಹತ್ತಿಸಿದರು. ತುಂಬಿದ ಲಾರಿ ಹೊಗೆ ಉಗುಳದೆ, ಗೇರು ಇಳಿಸದೆ ಏರಿತು. ಇಬ್ಬರೂ ಇಂಜಿನ್ ಸದ್ದು ಕೇಳುತ್ತ ಕೂತೆವು. ನನ್ನ ಎದೆಯೂ ತುಂಬಿತ್ತು.

ಸಂಜೆ, ಹೊಸದುರ್ಗದ ಕಡೆ ಹಳ್ಳಿಯಲ್ಲಿ ಕುರಿ ಮೇಯಿಸುವ ನಮ್ಮವ್ವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಓಮು, ಕ್ಲಾಂಪು ಅವಳಿಗೆ ತಿಳಿಯಲಿಲ್ಲ.

"ಗಂಡಸ್ರು ಕೈಬಿಟ್ಟಿದ್ನ ನೀನು ಮಾಡ್ದೆ ಅನ್ನು," ಎಂದಳು.

"ಹೂಂ ಕಣವ್ವ, ಮಾಡ್ದೆ," ಎಂದೆ.