ಲೈನ್‌ಬ್ಯಾಕರನ ದೃಷ್ಟಿಬೊಟ್ಟು

ತೊಂಬತ್ತರ ದಶಕದಲ್ಲಿ ಅಟ್ಲಾಂಟಾದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಗ, ನಾನು ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದ ಹುಡುಗನೊಬ್ಬನಿಗೆ ಗಣಿತ ಹೇಳಿಕೊಡುತ್ತಿದ್ದೆ. ಅವನು ಲೈನ್‌ಬ್ಯಾಕರ್; ಚೆಂಡು ಹಿಡಿದು ನುಗ್ಗಿಬರುವವರನ್ನು ನೆಲಕ್ಕೆ ಕೆಡವುವುದೇ ಅವನ ಕೆಲಸ. ಮೊದಲ ವರ್ಷವೇ ಊರ ತುಂಬ ಅವನದೇ ಮಾತು. ಭಿನ್ನರಾಶಿ ಕಂಡರೆ ಮಾತ್ರ ಆ ಆಳು ನಡುಗುತ್ತಿದ್ದ.

ಮೈಸೂರಿನಿಂದ ಬಂದಿದ್ದ ನಮ್ಮತ್ತೆ ಟಿವಿಯಲ್ಲಿ ಅವನ ಕಣ್ಣ ಕೆಳಗಿನ ಕಪ್ಪು ಪಟ್ಟಿ ನೋಡಿ ಮೆಚ್ಚಿಕೊಂಡರು. "ಅವರಮ್ಮ ಜಾಣೆ ಕಣೆ. ಇಂಥ ಮೈಕಟ್ಟಿಗೆ ದೃಷ್ಟಿ ಆಗ್ದೆ ಇರತ್ತಾ?"

ಅದು ಬಿಸಿಲು ಕಣ್ಣಿಗೆ ಹೊಡೆಯದಿರಲೆಂದು ಹಚ್ಚುವುದು ಅಂತ ನಾನು ಬಾಯಿ ನೋಯುವಷ್ಟು ಹೇಳಿದೆ. ಕೇಳುವವರು ಯಾರು? ಸಿಟ್ಟಿಗೆದ್ದು, ಪಾಠಕ್ಕೆ ಮನೆಗೆ ಬಂದ ಅವನ ಬಾಯಿಂದಲೇ ಹೇಳಿಸಿದೆ.

ಅತ್ತೆ ಅವನ ತಟ್ಟೆಗೆ ಏಳನೆಯ ದೋಸೆ ಹಾಕುತ್ತ, "ಬಿಸಿಲಿಗಂತೆ! ಅವರಮ್ಮ ಹಾಗೆ ಸುಳ್ಳು ಹೇಳ್ದೆ ಇದ್ರೆ ಈ ವಯಸ್ಸಿನ ಹುಡುಗ ದೃಷ್ಟಿಬೊಟ್ಟು ಇಡಿಸ್ಕೋತಾನಾ?" ಎಂದರು.

ಅವನು ನಕ್ಕುಬಿಡಲಿ ಎಂದು ಅದನ್ನು ಇಂಗ್ಲಿಷಿನಲ್ಲಿ ವಿವರಿಸಿದೆ. ಅವನು ನಗಲಿಲ್ಲ. ದೋಸೆಯ ತುಂಡನ್ನು ಕೈಯಲ್ಲೇ ಹಿಡಿದು ಯೋಚನೆಗೆ ಬಿದ್ದ.

"ಹೌದಲ್ವಾ," ಎಂದ ಕೊನೆಗೆ. "ರಾತ್ರಿ ಗೇಮ್‌ಗೂ ಹಚ್ತಾರೆ."