ಗುಂಯ್‌ಗುಡುವುದು ನಿಂತ ಮಧ್ಯಾಹ್ನ

ಗೆಳೆಯರೇ, ನಾನೇ ಜೋಡಿಸಿದ ಆಂಪ್ಲಿಫೈಯರ್‌ನ ಗುಂಯ್ ಸದ್ದು ಇವತ್ತು ಮಧ್ಯಾಹ್ನ ಕೊನೆಗೂ ಅಡಗಿತು. ಅರ್ತ್ ವೈರನ್ನು ಬೇರೆ ಜಾಗದಲ್ಲಿ ಬೆಸೆದದ್ದೇ ಮದ್ದಾಯಿತು. ವೀಣೆಯ ರೆಕಾರ್ಡಿಂಗ್ ಹಾಕಿದೆ. ಮೀಟಿದ ತಂತಿಯ ನಾದ ನಿಧಾನವಾಗಿ ಕರಗುವುದೂ ಕೇಳಿಸಿತು. ನಾನಿರುವ ತೆಲುಗು ಊರು ಗಾಜುವಾಕದ ಬಸ್ಸು, ಆಟೋಗಳ ಸದ್ದೆಲ್ಲ ಎಲ್ಲೋ ದೂರ ತೇಲಿಹೋದಂತಿತ್ತು.

ಅಷ್ಟರಲ್ಲಿ ಪಕ್ಕದ ಮನೆಯ ಸರೋಜಮ್ಮ, ಬಳ್ಳಾರಿಯವರು, ಅಳುವ ಮೊಮ್ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಬಂದರು.

"ಏನಮ್ಮಾ, ಆ ಗುಂಯ್ ಅನ್ನೋದನ್ನ ಯಾಕ ನಿಲ್ಲಿಸಿದಿ?"

"ರಿಪೇರಿ ಆಯ್ತು ಆಂಟಿ."

"ಅಯ್ಯೋ! ದಿನಾ ಅದನ್ನ ಕೇಳ್ಕೊಂತನೇ ಪಾಪ ಮಲಗ್ತಿತ್ತು. ಕೊಂಚೆಂ ಮತ್ತೆ ಹಾಕಮ್ಮಾ!"

ವೈರನ್ನು ಬಿಚ್ಚಿ ಹಳೆಯ ಜಾಗಕ್ಕೇ ಬೆಸೆದೆ. ಮಗು ಮಲಗಿತು. ಸರೋಜಮ್ಮನೂ ನನ್ನ ಕುರ್ಚಿಯಲ್ಲೇ ತೂಕಡಿಸುತ್ತಿದ್ದಾರೆ. ನನ್ನ ಅತ್ಯುತ್ತಮ ಬೆಸುಗೆ ಹೋಯಿತು, ನಿಜ. ಆದರೆ ನನ್ನ ಆಂಪ್ಲಿಫೈಯರ್‌ಗೆ ಇಷ್ಟು ತನ್ಮಯರಾದ ಶ್ರೋತೃಗಳು ಸಿಕ್ಕಿದ್ದು ಇದೇ ಮೊದಲು.